ಯಾವ ಉಪಾಯ ಉತ್ತಮ? ಮಂಜುಗಡ್ಡೆ ಇಟ್ಟುಕೊಂಡು ಮಕ್ಕಳಿಗೆ ನ್ಯಾಯವಾದ ಪರೀಕ್ಷೆ ಕಲಿಸುವ ಬಗೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹನಿ ನೀರಾವರಿಯ ಮಾದರಿ ಒಂದಾದರೂ ಇದ್ದೇ ಇರುತ್ತದೆ. ಪಕ್ಕದಲ್ಲಿ ನಿಂತ ಮಗು 'ಇದರಿಂದ ನೀರು ಉಳಿಯುತ್ತದೆ' ಎಂದು ಒಂದೇ ಉಸಿರಿಗೆ ಒಪ್ಪಿಸುತ್ತದೆ. 'ಎಷ್ಟು ಉಳಿಯಿತು ಪುಟ್ಟಾ? ಯಾವುದಕ್ಕಿಂತ ಕಡಿಮೆ ಖರ್ಚಾಯಿತು?' ಎಂದು ಕೇಳಿದರೆ ಅದು ತನ್ನ ಶಿಕ್ಷಕರ ಮುಖ ನೋಡುತ್ತದೆ. ಮಾದರಿ ಕಟ್ಟುವುದನ್ನು ನಾವು ಮಕ್ಕಳಿಗೆ ಚೆನ್ನಾಗಿಯೇ ಕಲಿಸುತ್ತೇವೆ. ಕಟ್ಟಿದ್ದು ಕೆಲಸ ಮಾಡುತ್ತದೆಯೇ, ಇನ್ನೊಂದಕ್ಕಿಂತ ಚೆನ್ನಾಗಿ ಮಾಡುತ್ತದೆಯೇ ಎಂದು ಪರೀಕ್ಷಿಸುವುದನ್ನು ಮಾತ್ರ ಕಲಿಸುವುದಿಲ್ಲ. ಎಂಜಿನಿಯರುಗಳ ದಿನದ ಕೆಲಸದಲ್ಲಿ ದೊಡ್ಡ ಪಾಲು ಅದೇ ಆಗಿರುವಾಗ ಈ ಕೊರತೆ ಸಣ್ಣದಲ್ಲ.

ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳೊಂದಿಗೆ ಮನೆಯಲ್ಲೋ ಶಾಲೆಯಲ್ಲೋ ಮಾಡಬಹುದಾದ ಒಂದು ಪಾಠವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮಂಜುಗಡ್ಡೆಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಲು ಯಾವ ವಸ್ತುವನ್ನು ಸುತ್ತ ತುಂಬಬೇಕು ಎಂಬುದು ಪ್ರಶ್ನೆ. ಮೀನು ಮಾರುವವರಿಂದ ಹಿಡಿದು ಲಸಿಕೆ ಹೊತ್ತೊಯ್ಯುವ ಆರೋಗ್ಯ ಕಾರ್ಯಕರ್ತೆಯವರೆಗೆ ಎಷ್ಟೋ ಜನರಿಗೆ ಇದು ನಿಜವಾದ ಪ್ರಶ್ನೆ. ಆದ್ದರಿಂದಲೇ ಇದನ್ನು ಆರಿಸಿದ್ದೇನೆ.

ಬೇಕಾಗುವ ಸಾಮಾನು

ಒಂದೇ ಅಳತೆಯ, ಮುಚ್ಚಳವಿರುವ ನಾಲ್ಕು ಪ್ಲಾಸ್ಟಿಕ್ ಡಬ್ಬಗಳು. ಅವುಗಳೊಳಗೆ ಇಟ್ಟಾಗ ಸುತ್ತಲೂ ಎರಡು ಬೆರಳು ಜಾಗ ಉಳಿಯುವಂಥ ನಾಲ್ಕು ಸ್ಟೀಲ್ ಲೋಟಗಳು, ಅವು ಕೂಡ ಒಂದೇ ಅಳತೆಯವು. ಲೋಟದ ಬಾಯಿ ಮುಚ್ಚಲು ನಾಲ್ಕು ಪುಟ್ಟ ತಟ್ಟೆಗಳು. ತುಂಬಲು ಒಣಗಿದ ಭತ್ತದ ಹೊಟ್ಟು, ಹಳೆಯ ಕಂಬಳಿಯ ತುಂಡು, ಹಳೆಯ ದಿನಪತ್ರಿಕೆ. ನಾಲ್ಕನೆಯ ಡಬ್ಬಕ್ಕೆ ಏನನ್ನೂ ತುಂಬುವುದಿಲ್ಲ, ಅದರ ಲೋಟವನ್ನು ಒಂದು ಚಿಕ್ಕ ಬಿರಡೆಯ ಮೇಲೆ ನಿಲ್ಲಿಸಿದರೆ ಸಾಕು. ನೀರು ಅಳೆಯಲು ಸೂಜಿಯಿಲ್ಲದ ಹೊಸ ಸಿರಿಂಜ್ ಅಥವಾ ಮಿಲಿಲೀಟರ್ ಗುರುತುಗಳಿರುವ ಔಷಧದ ಅಳತೆ ಲೋಟ. ಒಂದು ಗಡಿಯಾರ, ಒಂದು ನೋಟ್‌ಬುಕ್.

ಹೊಟ್ಟು ಸಿಗದಿದ್ದರೆ ತೆಂಗಿನ ನಾರು, ಮರದ ಪುಡಿ, ಒಣ ಹುಲ್ಲು ಯಾವುದಾದರೂ ನಡೆಯುತ್ತದೆ. ಸುತ್ತ ಸಿಗುವುದನ್ನೇ ಬಳಸಿ.

ಮೊದಲು ಅನ್ಯಾಯವನ್ನು ತೋರಿಸಿ

'ನ್ಯಾಯವಾದ ಪರೀಕ್ಷೆ ಎಂದರೆ ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದೆಲ್ಲವನ್ನೂ ಸಮವಾಗಿಡುವುದು' ಎಂದು ಕಪ್ಪುಹಲಗೆಯ ಮೇಲೆ ಬರೆದು ಪಾಠ ಆರಂಭಿಸಬೇಡಿ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಾರೆ. ಕೈಯಲ್ಲಿ ಡಬ್ಬ ಹಿಡಿದಾಗ ಅದು ನೆನಪಿಗೆ ಬರುವುದಿಲ್ಲ.

ನನಗೆ ಅತ್ಯಂತ ಫಲ ಕೊಟ್ಟ ದಾರಿ ಎಂದರೆ ಕಣ್ಣೆದುರೇ ಮೋಸದ ಪರೀಕ್ಷೆಯೊಂದನ್ನು ಮಾಡಿ ತೋರಿಸುವುದು. ಒಂದು ಲೋಟಕ್ಕೆ ದೊಡ್ಡ ಮಂಜುಗಡ್ಡೆ ಹಾಕಿ, ಕಂಬಳಿ ಸುತ್ತಿ, ನೆರಳಿನಲ್ಲಿಡಿ. ಇನ್ನೊಂದಕ್ಕೆ ನಾಲ್ಕಾರು ಚೂರು ಹಾಕಿ, ಒಂದು ಪದರ ದಿನಪತ್ರಿಕೆ ಸುತ್ತಿ, ಕಿಟಕಿಯ ಬಿಸಿಲಿಗಿಡಿ. ಕಾಲು ಗಂಟೆ ಬಿಟ್ಟು ಎರಡನ್ನೂ ತೋರಿಸಿ, ಗಂಭೀರವಾಗಿ 'ಕಂಬಳಿಯೇ ಗೆದ್ದಿತು, ಸಾಬೀತಾಯಿತು' ಎನ್ನಿ.

ತರಗತಿ ಸುಮ್ಮನಿರುವುದಿಲ್ಲ. ಓಟದ ಪಂದ್ಯದಲ್ಲಿ ಒಬ್ಬ ಗೆರೆಗಿಂತ ಒಂದು ಹೆಜ್ಜೆ ಮುಂದೆ ನಿಂತರೂ ಕೂಗೆಬ್ಬಿಸುವ ಮಕ್ಕಳು ಇವರು. 'ಅದು ಬಿಸಿಲಲ್ಲಿತ್ತು', 'ಅದರಲ್ಲಿ ಐಸ್ ಕಡಿಮೆ ಇತ್ತು', 'ಕಂಬಳಿ ದಪ್ಪ, ಪೇಪರ್ ತೆಳು' ಎಂಬ ಆಕ್ಷೇಪಗಳು ಒಂದರ ಮೇಲೊಂದು ಬರುತ್ತವೆ. ಒಂದನ್ನೂ ತಿದ್ದದೆ ಅವರ ಮಾತಿನಲ್ಲೇ ಹಲಗೆಯ ಮೇಲೆ ಬರೆಯಿರಿ. ಪ್ರತಿ ಆಕ್ಷೇಪವನ್ನೂ ತಿರುಗಿಸಿ ಹೇಳಿದರೆ ಅದೇ ಒಂದು ನಿಯಮವಾಗುತ್ತದೆ: ಎಲ್ಲವನ್ನೂ ಒಂದೇ ಕಡೆ ಇಡಬೇಕು, ಎಲ್ಲದರಲ್ಲೂ ಒಂದೇ ಪ್ರಮಾಣದ ನೀರನ್ನು ಹೆಪ್ಪುಗಟ್ಟಿಸಿರಬೇಕು, ಹೀಗೆ. ಚೂರುಗಳು ಬೇಗ ಕರಗುತ್ತವೆ ಎಂಬುದನ್ನು ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ. ಹಿಡಿಯದಿದ್ದರೆ ನೀವು ಹೇಳಿಬಿಡಬೇಡಿ, ಮುಂದೆ ಪರೀಕ್ಷೆಯೇ ಹೇಳುತ್ತದೆ.

ಊಹೆಯನ್ನು ಬರೆದಿಡಿ

ಡಬ್ಬ ಮುಟ್ಟುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ಚೀಟಿಯಲ್ಲಿ ಬರೆದು ಮಡಚಿಡಲಿ: ಯಾವುದರಲ್ಲಿ ಕಡಿಮೆ ಕರಗುತ್ತದೆ, ಏಕೆ? ಕಂಬಳಿಯಲ್ಲಿಟ್ಟ ಮಂಜುಗಡ್ಡೆ ಎಲ್ಲಕ್ಕಿಂತ ಬೇಗ ಕರಗುತ್ತದೆ ಎಂದು ಬಹಳ ಮಕ್ಕಳು ಬರೆಯುತ್ತಾರೆ. ಚಳಿಗೆ ಹೊದ್ದರೆ ಬೆಚ್ಚಗಾಗುವ ಕಂಬಳಿ ಮಂಜುಗಡ್ಡೆಯನ್ನೂ ಬೆಚ್ಚಗೆ ಮಾಡುತ್ತದೆ ಎಂಬುದು ಅವರ ತರ್ಕ. ಕಂಬಳಿಯೊಳಗೆ ಬಿಸಿ ಹುಟ್ಟುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯ ಸಾಗಾಟವನ್ನು ನಿಧಾನ ಮಾಡುತ್ತದೆ, ಅದು ಒಳಗಿನಿಂದ ಹೊರಗಾಗಲಿ ಹೊರಗಿನಿಂದ ಒಳಗಾಗಲಿ. ಈ ವಿವರಣೆಯನ್ನು ಫಲಿತಾಂಶ ಬಂದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಚೀಟಿಗಳೆಲ್ಲ ಒಂದೇ ಉತ್ತರ ಹೇಳುತ್ತವೆ.

ಯಾವುದು ಸಮವಾಗಿರಬೇಕು?

ಇಲ್ಲಿ ಅವಸರ ಮಾಡಬೇಡಿ. ಇಡೀ ಪಾಠದ ತಿರುಳು ಇಲ್ಲೇ ಇದೆ.

ಬದಲಾಗುವುದು ತುಂಬುವ ವಸ್ತು ಒಂದೇ, ಉಳಿದದ್ದು ಸಮ ಎಂದು ಮಕ್ಕಳು ಬೇಗ ಒಪ್ಪುತ್ತಾರೆ. ಆಗ ಕೇಳಿ: 'ಕಂಬಳಿ, ಹೊಟ್ಟು, ಕಾಗದ ಮೂರನ್ನೂ ಸಮವಾಗಿ ತುಂಬಬೇಕು ಅಂದರೆ ಏನರ್ಥ? ಸಮ ದಪ್ಪವೋ, ಸಮ ತೂಕವೋ, ಸಮ ಬೆಲೆಯೋ?'

ಮೂರೂ ಒಂದೇ ಆಗಲು ಸಾಧ್ಯವಿಲ್ಲ. ಎರಡು ಬೆರಳು ದಪ್ಪದ ಹೊಟ್ಟು ಹಗುರ, ಅಷ್ಟೇ ದಪ್ಪಕ್ಕೆ ಒತ್ತಿ ಸುತ್ತಿದ ಕಂಬಳಿ ಭಾರ. ಸಮ ತೂಕ ಎಂದರೆ ಹೊಟ್ಟಿನ ಡಬ್ಬ ದೊಡ್ಡದಾಗಬೇಕು. ಸಮ ಬೆಲೆ ಎಂದರೆ ಹತ್ತು ರೂಪಾಯಿಗೆ ಚೀಲದ ತುಂಬ ಹೊಟ್ಟು ಬರಬಹುದು, ಕಂಬಳಿ ಅಂಗೈಯಗಲವೂ ಬರುವುದಿಲ್ಲ. ಇವುಗಳಲ್ಲಿ ಯಾವುದು ನ್ಯಾಯ ಎಂಬುದು ಆ ಪೆಟ್ಟಿಗೆಯನ್ನು ಯಾರು ಬಳಸುತ್ತಾರೆ ಎಂಬುದರ ಮೇಲೆ ನಿಂತಿದೆ. ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವವರಿಗೆ ತೂಕ ಮುಖ್ಯ. ಸೈಕಲ್ಲಿನ ಕ್ಯಾರಿಯರ್ ಮೇಲೆ ಹಿಡಿಸಬೇಕಾದರೆ ಗಾತ್ರ ಮುಖ್ಯ. ದಿನಕ್ಕೆ ಹತ್ತಾರು ಪೆಟ್ಟಿಗೆ ತುಂಬಬೇಕಾದ ವ್ಯಾಪಾರಿಗೆ ಬೆಲೆ ಮುಖ್ಯ. ಮಕ್ಕಳೇ ಒಬ್ಬ ಬಳಕೆದಾರರನ್ನು ಆರಿಸಿ, ಅವರಿಗೆ ಹೊಂದುವ ಸಮತೆಯನ್ನು ನಿರ್ಧರಿಸಿ, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯಲಿ. ಮೊದಲ ಸಲಕ್ಕೆ ಸಮ ದಪ್ಪ ಸುಲಭ, ಡಬ್ಬಗಳ ಅಳತೆಯೇ ಅದನ್ನು ನೋಡಿಕೊಳ್ಳುತ್ತದೆ.

ಗೆಲುವು ಎಂದರೇನು ಎಂಬುದನ್ನೂ ಈಗಲೇ ನಿರ್ಧರಿಸಿ. ಕಣ್ಣಳತೆಯಲ್ಲಿ 'ಹೆಚ್ಚು ಐಸ್ ಉಳಿದಿದೆ' ಎಂದರೆ ಜಗಳ ಗ್ಯಾರಂಟಿ. ಕರಗಿದ ನೀರು ಎಷ್ಟು ಮಿಲಿಲೀಟರ್ ಎಂದು ಅಳೆಯುವುದಾದರೆ ಕಡಿಮೆ ನೀರು ಬಂದದ್ದು ಉತ್ತಮ. ಫಲಿತಾಂಶ ನೋಡಿದ ಮೇಲೆ ಈ ನಿಯಮವನ್ನು ಬದಲಿಸಲು ಅವಕಾಶವಿಲ್ಲ ಎಂದು ಎಲ್ಲರಿಂದ ಸಹಿ ಮಾಡಿಸಿ. ಮಕ್ಕಳಿಗೆ ಸಹಿ ಮಾಡುವುದೆಂದರೆ ಬಲು ಇಷ್ಟ, ಮಾಡಿದ ಸಹಿಗೆ ಬದ್ಧರಾಗಿಯೂ ಇರುತ್ತಾರೆ.

ಮಂಜುಗಡ್ಡೆಯನ್ನು ಸಿದ್ಧಗೊಳಿಸಿ

ಪ್ರತಿ ಲೋಟಕ್ಕೆ 100 ಮಿಲಿಲೀಟರ್ ನೀರು ಅಳೆದು ಹಾಕಿ, ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಲೋಟದಲ್ಲೇ ಹೆಪ್ಪುಗಟ್ಟಿಸಿದರೆ ಪ್ರಮಾಣ, ಆಕಾರ ಎರಡೂ ಸಮವಾಗಿರುತ್ತವೆ.

ಒಂದು ಸೂಕ್ಷ್ಮ ಉಳಿಯುತ್ತದೆ. ಫ್ರೀಜರಿನ ಹಿಂಬದಿಯಲ್ಲಿದ್ದ ಲೋಟ ಬಾಗಿಲ ಬಳಿ ಇದ್ದುದಕ್ಕಿಂತ ಹೆಚ್ಚು ತಣ್ಣಗಿರಬಹುದು. ಎರಡೂ ಮಂಜುಗಡ್ಡೆಯೇ ಆದರೂ ಹೆಚ್ಚು ತಣ್ಣಗಿರುವುದು ಕರಗಲು ತಡವಾಗಿ ಆರಂಭಿಸುತ್ತದೆ. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಹೊರಗಿಟ್ಟು, ಎಲ್ಲದರಲ್ಲೂ ಗಡ್ಡೆ ಲೋಟದ ಗೋಡೆಯಿಂದ ಬಿಟ್ಟುಕೊಂಡು ಅಲುಗಾಡುವವರೆಗೆ ಕಾಯಿರಿ. ಅಷ್ಟರಲ್ಲಿ ಬಂದ ನೀರನ್ನು ಬಸಿದು, ಲೋಟದ ಹೊರಮೈ ಒರೆಸಿ, ಆಮೇಲೆ ಡಬ್ಬಕ್ಕಿಳಿಸಿ. ಬಸಿದ ನೀರು ಒಂದರಲ್ಲಿ ತೀರ ಹೆಚ್ಚಾಗಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ಇದು ಮಕ್ಕಳಾಟದ ಅತಿ ಎಚ್ಚರಿಕೆಯಂತೆ ಕಾಣಬಹುದು. ನಮ್ಮ ಲಸಿಕಾ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತೆಯರು ಇಂಥದ್ದೇ ಕೆಲಸ ಮಾಡುತ್ತಾರೆ. ಹಳ್ಳಿಗೆ ಒಯ್ಯುವ ಲಸಿಕಾ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್‌ಗಳಿರುತ್ತವೆ. ಫ್ರೀಜರಿನಿಂದ ತೆಗೆದ ಕೂಡಲೇ ಅವುಗಳನ್ನು ಒಳಗಿಡುವಂತಿಲ್ಲ. ಮೈಮೇಲೆ ಬೆವರು ಮೂಡಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿಸುವವರೆಗೆ ಹೊರಗಿಡಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ನಂಥವು ಹೆಪ್ಪುಗಟ್ಟಿದರೆ ಕೆಟ್ಟೇಹೋಗುತ್ತವೆ. ಈ ಮಾತನ್ನು ಮಕ್ಕಳಿಗೆ ಹೇಳಿ. ಸಾಧ್ಯವಾದರೆ ಊರಿನ ಆರೋಗ್ಯ ಕಾರ್ಯಕರ್ತೆಯನ್ನೇ ತರಗತಿಗೆ ಕರೆದು ಆ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಲು ಕೇಳಿಕೊಳ್ಳಿ.

ಎಷ್ಟು ಹೊತ್ತು ಇಡಬೇಕು?

ಇದಕ್ಕೆ ನಾನು ಒಂದು ಅಂಕಿ ಕೊಟ್ಟರೆ ಅದು ನಿಮ್ಮ ಊರಿಗೆ ಹೊಂದಲಾರದು. ಮಡಿಕೇರಿಯ ಡಿಸೆಂಬರ್ ಬೇರೆ, ರಾಯಚೂರಿನ ಏಪ್ರಿಲ್ ಬೇರೆ. ಮೊದಲ ದಿನ ಏನೂ ತುಂಬದ ಡಬ್ಬವನ್ನಷ್ಟೇ ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ತೆರೆದು, ಸುಮಾರು ಅರ್ಧ ಕರಗಲು ಎಷ್ಟು ಹೊತ್ತು ಬೇಕು ಎಂದು ನೋಡಿ. ನಿಜವಾದ ಪರೀಕ್ಷೆಗೆ ಆ ಅವಧಿಯನ್ನೇ ಬಳಸಿ. ತೀರ ಬೇಗ ಅಳೆದರೆ ಎಲ್ಲದರಲ್ಲೂ ನೀರು ಅಷ್ಟಿಷ್ಟೇ, ತೀರ ತಡವಾದರೆ ಎಲ್ಲವೂ ಕರಗಿರುತ್ತವೆ. ಎರಡರಲ್ಲೂ ವ್ಯತ್ಯಾಸ ಕಾಣುವುದಿಲ್ಲ.

ಪರೀಕ್ಷೆ ನಡೆಸುವಾಗ

ಡಬ್ಬಗಳ ಮೇಲೆ ವಸ್ತುವಿನ ಹೆಸರು ಬರೆಯಬೇಡಿ. ಕ, ಚ, ಟ, ತ ಎಂದು ಗುರುತು ಹಾಕಿ. ಯಾವ ಅಕ್ಷರಕ್ಕೆ ಯಾವ ವಸ್ತು ಎಂಬುದು ತುಂಬಿದ ತಂಡಕ್ಕೆ ಮಾತ್ರ ಗೊತ್ತಿರಲಿ, ಕೊನೆಯಲ್ಲಿ ಬೇರೆ ತಂಡ ಅಳೆಯಲಿ. ಲೋಟಗಳನ್ನು ಡಬ್ಬದಿಂದ ಹೊರತೆಗೆದು ಅಳೆಯುವವರ ಕೈಗೆ ಕೊಡುವ ಕೆಲಸವೂ ತುಂಬಿದ ತಂಡದ್ದೇ. ಕಂಬಳಿ ಗೆಲ್ಲಬೇಕೆಂದು ಆಸೆಪಟ್ಟ ಮಗು ಸಿರಿಂಜಿನ ಗೆರೆಯನ್ನು ಓದುವಾಗ ತನಗೆ ಗೊತ್ತಿಲ್ಲದೆಯೇ ಕಂಬಳಿಯ ಕಡೆಗೆ ವಾಲುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಕಣ್ಣೇ ಹಾಗೆ ಓದುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ ಎಂದು ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ.

ನಾಲ್ಕು ಲೋಟ ಇಳಿಸಲು ಮಕ್ಕಳಿಗೆ ನಾಲ್ಕೈದು ನಿಮಿಷ ಬೇಕು. ಮೊದಲು ಇಳಿಸಿದ ಲೋಟ ಅಷ್ಟು ಹೊತ್ತು ಹೆಚ್ಚು ಕಾಲ ಒಳಗಿರುತ್ತದೆ. ಒಂದೊಂದು ನಿಮಿಷದ ಅಂತರದಲ್ಲಿ ಇಳಿಸಿ, ಅದೇ ಕ್ರಮದಲ್ಲಿ ಅದೇ ಅಂತರದಲ್ಲಿ ತೆಗೆದರೆ ಸರಿಹೋಗುತ್ತದೆ. ಗಡಿಯಾರ ನೋಡಿ 'ಈಗ' ಎನ್ನುವ ಕೆಲಸವನ್ನು ಮಾತು ಕಡಿಮೆಯಿರುವ ಮಗುವಿಗೆ ಕೊಡಿ.

ಮುಚ್ಚಳ ತೆರೆದು ಇಣುಕುವಂತಿಲ್ಲ. ಡಬ್ಬಗಳನ್ನು ಕಿಟಕಿ, ಫ್ಯಾನ್, ಬಿಸಿಲು ತಾಗದ ಕಡೆ ಸಾಲಾಗಿಡಿ. ಸುತ್ತ ಗುಂಪು ಕಟ್ಟಿ ನಿಲ್ಲುವುದೂ ಬೇಡ. ರೈಟ್ ಸಹೋದರರ ಕಥೆಯನ್ನು ಹೇಳಲು ಇದು ಒಳ್ಳೆಯ ಸಮಯ. ಅವರ ಗ್ಲೈಡರುಗಳು ಲೆಕ್ಕ ಹೇಳಿದಷ್ಟು ಮೇಲೇಳಲಿಲ್ಲ. ಆಗ 1901ರಲ್ಲಿ ಡೇಟನ್ ಊರಿನ ತಮ್ಮ ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಫ್ಯಾನಿನಿಂದ ಅದರೊಳಗೆ ಗಾಳಿ ಹಾಯಿಸಿ, ಪುಟ್ಟ ಪುಟ್ಟ ರೆಕ್ಕೆಯ ಮಾದರಿಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದರು. ಮಾದರಿಗಳ ಸಂಖ್ಯೆ ಇನ್ನೂರರ ಹತ್ತಿರಕ್ಕೆ ಹೋಯಿತು. ಗಾಳಿಯ ಹರಿವು ಬದಲಾದೀತೆಂದು ಅಳತೆ ನಡೆಯುವಾಗ ಕೋಣೆಯ ದೊಡ್ಡ ಸಾಮಾನುಗಳನ್ನು ಅವರು ಜರುಗಿಸುತ್ತಿರಲಿಲ್ಲ, ತಾವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರು. ಎರಡು ವರ್ಷದ ನಂತರ, 1903ರ ಡಿಸೆಂಬರ್ 17ರಂದು ಅವರ ವಿಮಾನ ಹಾರಿತು.

ಹೊತ್ತು ಮುಗಿದ ಮೇಲೆ ಕರಗಿದ ನೀರನ್ನು ಸಿರಿಂಜಿನಿಂದ ಎಳೆದು ಅಳೆಯಿರಿ. ಕರಾವಳಿಯವರು ಒಂದು ಮಾತು ಗಮನಿಸಿ. ತೇವದ ಹವೆಯಲ್ಲಿ ತಣ್ಣನೆಯ ಲೋಟದ ಮೈಮೇಲೆ ನೀರಹನಿ ಕಟ್ಟುತ್ತದೆ. ಲೋಟದ ಬಾಯಿ ಮುಚ್ಚಿರದಿದ್ದರೆ ಗಾಳಿಯ ತೇವ ಒಳಗೂ ಇಳಿದು ಕರಗಿದ ನೀರಿನ ಲೆಕ್ಕದಲ್ಲಿ ಸೇರಿಬಿಡುತ್ತದೆ. ಹೊರಮೈಯ ಹನಿಯಿಂದ ಹೊಟ್ಟು, ಕಂಬಳಿ ಒದ್ದೆಯಾಗುತ್ತವೆ. ಒದ್ದೆಯಾದ ವಸ್ತು ಬಿಸಿಯನ್ನು ಬೇಗ ಸಾಗಿಸುತ್ತದೆ. ಮುಂದಿನ ಸಲಕ್ಕೆ ಹೊಸ ಹೊಟ್ಟು, ಹೊಸ ಕಾಗದ, ಬಿಸಿಲಿಗೆ ಒಣಗಿಸಿದ ಕಂಬಳಿ ಬಳಸಬೇಕು.

ಒಂದು ಸಲ ಸಾಕಾಗುವುದಿಲ್ಲ

ಒಂದೇ ಸಲ ಮಾಡಿ ಗೆದ್ದವರ ಹೆಸರು ಘೋಷಿಸುವ ಆಸೆ ಎಲ್ಲರಿಗೂ ಇರುತ್ತದೆ. ತಡೆಯಿರಿ. ಕನಿಷ್ಠ ಮೂರು ಸಲ ಮಾಡಿ, ಪ್ರತಿ ಸಲವೂ ಡಬ್ಬಗಳ ಜಾಗ ಅದಲುಬದಲು ಮಾಡಿ. ಕೊನೆಯ ಡಬ್ಬ ಪ್ರತಿ ಬಾರಿಯೂ ಗೋಡೆಯ ಪಕ್ಕದಲ್ಲೇ ಇದ್ದರೆ ಗೆದ್ದದ್ದು ವಸ್ತುವೋ ಗೋಡೆಯೋ ತಿಳಿಯುವುದಿಲ್ಲ.

ಹೊಸ ಮನೆ ಕಟ್ಟುವ ಕಡೆ ಕಾಂಕ್ರೀಟಿನ ಘನಗಳನ್ನು ಮಕ್ಕಳು ನೋಡಿರಬಹುದು. 150 ಮಿಲಿಮೀಟರ್ ಬದಿಯ ಆ ಘನಗಳನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಭಾರತೀಯ ಮಾನಕದ ಪ್ರಕಾರ ಒಂದು ಮಾದರಿಯ ಫಲಿತಾಂಶವೆಂದರೆ ಮೂರು ಘನಗಳ ಸರಾಸರಿ. ಅವುಗಳಲ್ಲಿ ಯಾವುದೇ ಒಂದು ಸರಾಸರಿಯಿಂದ ಶೇಕಡ 15ಕ್ಕಿಂತ ಹೆಚ್ಚು ಆಚೀಚೆ ಇರಬಾರದು. ಒಂದೇ ಮಿಶ್ರಣದಿಂದ ತೆಗೆದ ಘನಗಳೂ ಬೇರೆ ಬೇರೆ ಅಂಕಿ ಕೊಡುತ್ತವೆ ಎಂದು ಗೊತ್ತಿದ್ದೇ ಈ ನಿಯಮ ಮಾಡಿದ್ದಾರೆ.

ಅಂಕಿಗಳನ್ನು ಓದುವುದು ಹೇಗೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. ಮೂರು ಸಲ ಅಳೆದ ನೀರು ಮಿಲಿಲೀಟರಿನಲ್ಲಿ ಹೀಗಿದೆ ಎನ್ನೋಣ:

ಖಾಲಿ ಡಬ್ಬ: 52, 49, 55
ದಿನಪತ್ರಿಕೆ: 36, 38, 37
ಹೊಟ್ಟು: 27, 33, 30
ಕಂಬಳಿ: 28, 30, 29

ಸರಾಸರಿ ತೆಗೆದರೆ ಕಂಬಳಿ 29, ಹೊಟ್ಟು 30. 'ಕಂಬಳಿ ಗೆದ್ದಿತು' ಎಂದು ಕೂಗು ಏಳುತ್ತದೆ. ಆಗ ಅಂಗಳದಲ್ಲಿ ಸೀಮೆಸುಣ್ಣದಿಂದ ಉದ್ದನೆಯ ಸಂಖ್ಯಾರೇಖೆ ಎಳೆದು, ಪ್ರತಿ ಅಳತೆಗೂ ಅದರ ಜಾಗದಲ್ಲಿ ಒಂದು ಹುಣಸೆ ಬೀಜವನ್ನೋ ಕಲ್ಲನ್ನೋ ಇಡಿಸಿ, ಒಂದೊಂದು ವಸ್ತುವಿಗೆ ಒಂದೊಂದು ಬಗೆಯದು. ಹೊಟ್ಟಿನ ಮೂರು ಬೀಜಗಳು 27ರಿಂದ 33ರವರೆಗೆ ಚೆದುರಿವೆ, ಕಂಬಳಿಯವು ಅವುಗಳ ನಡುವೆಯೇ ಕುಳಿತಿವೆ. ಹೊಟ್ಟಿನ ಅಳತೆಗಳು ತಮ್ಮಲ್ಲೇ 6 ಮಿಲಿಲೀಟರಿನಷ್ಟು ಏರುಪೇರಾಗುವಾಗ 1 ಮಿಲಿಲೀಟರ್ ಅಂತರವನ್ನು ಗೆಲುವು ಎನ್ನಲಾಗದು. ದಿನಪತ್ರಿಕೆಯ ಬೀಜಗಳು ಮಾತ್ರ ಬೇರೆಯೇ ಗುಂಪಾಗಿ ದೂರ ನಿಂತಿವೆ, ಅದು ಈ ಎರಡಕ್ಕಿಂತ ಹಿಂದೆ ಬಿದ್ದಿದೆ ಎಂದು ಧೈರ್ಯವಾಗಿ ಹೇಳಬಹುದು. 'ಇವೆರಡರಲ್ಲಿ ಯಾವುದು ಉತ್ತಮ ಎಂದು ಈ ಪರೀಕ್ಷೆಯಿಂದ ಹೇಳಲಾಗದು' ಎಂಬುದು ಪೂರ್ಣ ಅಂಕ ಪಡೆಯಬೇಕಾದ ಉತ್ತರ. ದಯವಿಟ್ಟು ಅದಕ್ಕೆ ಪೂರ್ಣ ಅಂಕ ಕೊಡಿ.

ಒಂದು ಅಳತೆ ವಿಚಿತ್ರವಾಗಿ ಬಂದರೆ? ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಹೊಡೆದುಹಾಕುವಂತಿಲ್ಲ. ಮುಚ್ಚಳ ಸರಿಯಾಗಿ ಕುಳಿತಿರಲಿಲ್ಲ ಎಂದು ಆ ಹೊತ್ತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಅದನ್ನು ಬಿಡಬಹುದು. ಕಾರಣ ಗೊತ್ತಿಲ್ಲದಿದ್ದರೆ ಅಳತೆಯನ್ನು ಉಳಿಸಿಕೊಂಡು ಇನ್ನೆರಡು ಸಲ ಮಾಡಿ.

ಆಮೇಲೆ ಆಯ್ಕೆ

ಕಂಬಳಿ, ಹೊಟ್ಟು ಎರಡೂ ಸಮ ಎಂದಾದರೆ ಎಂಜಿನಿಯರ್ ಯಾವುದನ್ನು ಆರಿಸಬೇಕು? ಮೊದಲ ಸಾಲಿನಲ್ಲಿ ಬರೆದ ಬಳಕೆದಾರರ ಕಡೆ ಮಕ್ಕಳು ಮರಳಲಿ. ಹೊಟ್ಟು ಅಗ್ಗ, ಹಗುರ, ಆದರೆ ಚೆಲ್ಲುತ್ತದೆ, ಒದ್ದೆಯಾದರೆ ಮುದ್ದೆಯಾಗುತ್ತದೆ. ಕಂಬಳಿಯನ್ನು ಒಣಗಿಸಿ ಮತ್ತೆ ಬಳಸಬಹುದು. ಪರೀಕ್ಷೆ ಒಂದು ಗುಣವನ್ನು ಅಳೆದು ಕೊಟ್ಟಿದೆ, ಉಳಿದ ಗುಣಗಳಿಗೆ ಬೇರೆ ಪರೀಕ್ಷೆಗಳು ಬೇಕು.

ಪರೀಕ್ಷೆಯ ಸ್ಥಿತಿಯೂ ಬಳಕೆಯ ಸ್ಥಿತಿಗೆ ಹೊಂದಬೇಕು. ಲಸಿಕಾ ಪೆಟ್ಟಿಗೆ ಎಷ್ಟು ಹೊತ್ತು ತಂಪು ಕಾಯುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಸುತ್ತ 43 ಡಿಗ್ರಿ ಉಷ್ಣತೆಯಿರುವ ಕೋಣೆಯಲ್ಲಿ ಅಳೆಯುತ್ತಾರೆ. ಮುಚ್ಚಳ ಹಾಕಿದ ಕ್ಷಣದಿಂದ, ಪೆಟ್ಟಿಗೆಯೊಳಗಿನ ಅತಿ ಬೆಚ್ಚಗಿನ ಜಾಗ 10 ಡಿಗ್ರಿ ಮುಟ್ಟುವವರೆಗಿನ ಹೊತ್ತು ಲೆಕ್ಕಕ್ಕೆ ಬರುತ್ತದೆ. ಎಲ್ಲ ತಯಾರಕರ ಪೆಟ್ಟಿಗೆಗೂ ಅದೇ ಕೋಣೆ, ಅದೇ ಗೆರೆ. ತರಗತಿಯ ನೆರಳಿನಲ್ಲಿ ಗೆದ್ದ ಡಬ್ಬ ಏಪ್ರಿಲ್ ಮಧ್ಯಾಹ್ನದ ಸೈಕಲ್ ಮೇಲೆ ಏನು ಮಾಡೀತು ಎಂದು ಮಕ್ಕಳನ್ನೇ ಕೇಳಿ, ನಾಲ್ಕೂ ಡಬ್ಬಗಳನ್ನು ಬಿಸಿಲಿಗೆ ಸಾಲಾಗಿಟ್ಟು ಮತ್ತೊಮ್ಮೆ ಪರೀಕ್ಷಿಸಲಿ.

ಬೇರೆ ವಸ್ತುಗಳಿಗೆ ಇದೇ ಕ್ರಮ

ಕಾಗದದ ಸೇತುವೆಗೆ ಭಾರ ಹೇರುವಾಗ ನಾಣ್ಯಗಳನ್ನು ಒಬ್ಬರು ಮೆಲ್ಲಗೆ ಇಡುತ್ತಾರೆ, ಇನ್ನೊಬ್ಬರು ಮೇಲಿನಿಂದ ಬೀಳಿಸುತ್ತಾರೆ. ಇಡುವವರು ಒಬ್ಬರೇ ಆಗಿರಲಿ, ಎರಡು ಆಧಾರಗಳ ನಡುವಿನ ಅಂತರವನ್ನು ಪ್ರತಿ ಸಲವೂ ಅಳೆಯಿರಿ. ಒಮ್ಮೆ ಬಾಗಿದ ಕಾಗದವನ್ನು ಮರುಬಳಸಬೇಡಿ. ಕಾಗದದ ವಿಮಾನದಲ್ಲಿ ಎಸೆಯುವ ಕೈಯದೇ ದೊಡ್ಡ ತೊಂದರೆ, ಕುರ್ಚಿಗೆ ರಬ್ಬರ್‌ಬ್ಯಾಂಡ್ ಕಟ್ಟಿ ಒಂದೇ ಗುರುತಿನವರೆಗೆ ಎಳೆದು ಬಿಟ್ಟರೆ ಅದು ಬಹುಮಟ್ಟಿಗೆ ನೀಗುತ್ತದೆ. ಮರಳು, ಇದ್ದಿಲು, ಬಟ್ಟೆಯ ನೀರು ಸೋಸುವ ಪರೀಕ್ಷೆಗೆ ಒಂದೇ ಬಕೆಟ್ಟಿನಲ್ಲಿ ಕೆಸರು ನೀರು ಕದಡಿ, ಪ್ರತಿ ಸಲ ಸುರಿಯುವ ಮೊದಲು ಮತ್ತೆ ಕದಡಬೇಕು, ಇಲ್ಲದಿದ್ದರೆ ಕೊನೆಯವರಿಗೆ ತಿಳಿನೀರು ಸಿಗುತ್ತದೆ. ತಿಳಿಯಾದದ್ದನ್ನು ಅಳೆಯಲು ಒಂದೇ ಅಕ್ಷರ ಬರೆದ ಚೀಟಿಯನ್ನು ಗಾಜಿನ ಲೋಟಗಳ ಕೆಳಗಿಟ್ಟು, ಎಷ್ಟು ಎತ್ತರದ ನೀರಿನವರೆಗೆ ಅಕ್ಷರ ಕಾಣುತ್ತದೆ ಎಂದು ನೋಡಿ. ಹಾಗೆ ಸೋಸಿದ ನೀರು ಎಷ್ಟೇ ತಿಳಿಯಾಗಿ ಕಂಡರೂ ರೋಗಾಣುಗಳು ಅದರಲ್ಲಿ ಉಳಿದಿರಬಹುದು. ಯಾರೂ ಕುಡಿಯದಂತೆ ನೋಡಿಕೊಂಡು, ಪಾಠ ಮುಗಿದ ಕೂಡಲೇ ಗಿಡಗಳಿಗೆ ಹಾಕಿಸಿ.